ಮಠ ಮರವಾಗದಂತೆ: ಬೋಲ್ಡ್ ಇಟಾಲಿಕ್ ಅಕ್ಷರ ಬಳಸುವ ಕ್ರಮ

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ತಲೆಯೆತ್ತಿ ನಡೆದರೆ, ಇಲ್ಲವೇ ಮಂಡ್ಯದ ನೂರಡಿ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ, ದಪ್ಪಗೆ ಬಲಕ್ಕೆ ವಾಲಿದ ಅಕ್ಷರಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ರೇಷ್ಮೆ ಸೀರೆ ಮಳಿಗೆ, ಸಿಹಿತಿಂಡಿ ಅಂಗಡಿ, ಬೆಲ್ಲದ ಡಬ್ಬಿ, ಲಗ್ನಪತ್ರಿಕೆ, ತಾಂಬೂಲದ ಚೀಲ ಎಲ್ಲಕ್ಕೂ ಇದೇ ಅಕ್ಷರ ಬೇಕು. ಇಂಗ್ಲಿಷಿನಲ್ಲಿ ಇದಕ್ಕೆಂದೇ ಬರೆದ ಬೋಲ್ಡ್ ಇಟಾಲಿಕ್ ಸೆರಿಫ್ ಫಾಂಟುಗಳಿವೆ. ಕನ್ನಡದಲ್ಲಿ ಬಹುಪಾಲು ನೇರ ಅಕ್ಷರವನ್ನೇ ಕಂಪ್ಯೂಟರಿನಲ್ಲಿ ವಾಲಿಸಿ, ಸುತ್ತ ಒಂದು ಗೆರೆ ಕೊಟ್ಟು ದಪ್ಪ ಮಾಡಿಬಿಡುತ್ತಾರೆ. ಆಗ 'ಠ'ದ ಹೊಟ್ಟೆಯೊಳಗಿನ ಚುಕ್ಕಿ ಮುಚ್ಚಿಹೋಗಿ 'ಮಠ' ಹೋಗಿ 'ಮರ' ಆಗುತ್ತದೆ. 'ಧ'ದ ಕೆಳಗಿನ ಸೀಳು ಕಾಣದಾಗಿ 'ಧಾರಾ ಮುಹೂರ್ತ' ದಾರದ ಮುಹೂರ್ತವಾಗುತ್ತದೆ. ಡಿಟಿಪಿ ಮಾಡುವವರು, ಬೋರ್ಡ್ ಮಾಡಿಸುವವರು, ಪತ್ರಿಕೆ ಅಚ್ಚು ಹಾಕಿಸುವವರು ಈ ತಪ್ಪುಗಳಿಂದ ದೂರವಿರಲು ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ಬರೆದಿದೆ.

ಮೊದಲು, ಇದು ಎಂಥ ಅಕ್ಷರ

ಸೆರಿಫ್ ಎಂದರೆ ಅಕ್ಷರದ ಕಂಬದ ತುದಿಯಲ್ಲಿ ಇರುವ ಸಣ್ಣ ಚಾಚು, ಪಾದವಿದ್ದಂತೆ. ಇಟಾಲಿಕ್ ಹುಟ್ಟಿದ್ದು ವೆನಿಸ್ ನಗರದಲ್ಲಿ. ಆಲ್ಡಸ್ ಮನೂಷಿಯಸ್ ಎಂಬ ಮುದ್ರಕನಿಗಾಗಿ ಫ್ರಾಂಚೆಸ್ಕೊ ಗ್ರಿಫೊ ಕೊರೆದ ಈ ಅಚ್ಚುಮೊಳೆಗಳಲ್ಲಿ 1501ರಲ್ಲಿ ವರ್ಜಿಲನ ಕಾವ್ಯ ಇಡಿಯಾಗಿ ಅಚ್ಚಾಯಿತು. ಅದು ಅಂದಿನ ವಿದ್ವಾಂಸರು ಬೇಗಬೇಗ ಬರೆಯುತ್ತಿದ್ದ ಕೈಬರಹದ ರೂಪ. ನೇರ ಅಕ್ಷರವನ್ನು ವಾಲಿಸಿ ಮಾಡಿದ್ದಲ್ಲ. ದಪ್ಪ ಅಕ್ಷರ ಬಂದದ್ದು ಅದಾಗಿ 300 ವರ್ಷಗಳ ಮೇಲೆ, ಲಂಡನ್ನಿನ ಜಾಹೀರಾತುಗಳಿಗಾಗಿ. 1845ರಲ್ಲಿ ರಾಬರ್ಟ್ ಬೆಸ್ಲಿಯ ಕಾರ್ಖಾನೆಯಿಂದ ಹೊರಬಂದ ಕ್ಲಾರೆಂಡನ್, ಸಾಮಾನ್ಯ ಅಕ್ಷರದ ಸಾಲಿನ ನಡುವೆ ಒಂದು ಪದವನ್ನು ಎತ್ತಿ ತೋರಿಸಲು ಬಳಕೆಯಾಯಿತು. ಓರೆಯೂ ದಪ್ಪವೂ ಸೇರಿದ ಬೋಲ್ಡ್ ಇಟಾಲಿಕ್‌ಗೆ ಹೀಗೆ ಎರಡು ಕಡೆಯ ಗುಣ ಬಂದಿದೆ: ಕೈಬರಹದ ಓಟ, ಜಾಹೀರಾತಿನ ಗಟ್ಟಿ ದನಿ. ಎರಡು ಪದಕ್ಕೆ ಈ ದನಿ ಚೆನ್ನ. ಎರಡು ಪ್ಯಾರಾ ಪೂರ್ತಿ ಇದೇ ದನಿಯಾದರೆ ಓದುವವರು ಪುಟ ಮಗುಚುತ್ತಾರೆ.

ಹೆಜ್ಜೆ 1: ಯಾವ ಪದಕ್ಕೆ ಬೇಕು, ಗುರುತು ಹಾಕಿ

ಬರಹದ ಪ್ರಿಂಟ್ ತೆಗೆದು ಪೆನ್ಸಿಲ್ಲಿನಿಂದ ಗುರುತು ಹಾಕಿ. ಒಂದು ಪುಟಕ್ಕೆ ಅಥವಾ ಒಂದು ಬೋರ್ಡಿಗೆ ಒಂದೇ ಜಾಗ ಸಾಕು, ಹೆಚ್ಚೆಂದರೆ ಎರಡು. ಅಂಗಡಿಯ ಹೆಸರು, ವಧೂವರರ ಹೆಸರು, ಡಬ್ಬಿಯ ಮೇಲಿನ ಪದಾರ್ಥದ ಹೆಸರು ಇದಕ್ಕೆ ಒಪ್ಪುತ್ತವೆ. ವಿಳಾಸ, ಫೋನ್ ನಂಬರ್, ಮುಹೂರ್ತದ ಸಮಯ ಒಪ್ಪುವುದಿಲ್ಲ. ದಪ್ಪ ಓರೆ ಅಂಕಿಗಳಲ್ಲಿ 3, 6, 8 ದೂರದಿಂದ ಒಂದರಂತೆ ಒಂದು ಕಾಣುತ್ತವೆ.

ಬೋಲ್ಡ್ ಇಟಾಲಿಕ್ ಇಲ್ಲದೆ ಆಗುವುದೇ ಇಲ್ಲ ಎನ್ನುವ ಜಾಗವೂ ಒಂದಿದೆ. ಸಸ್ಯ, ಪ್ರಾಣಿಗಳ ವೈಜ್ಞಾನಿಕ ಹೆಸರನ್ನು ರೋಮನ್ ಲಿಪಿಯಲ್ಲಿ ಇಟಾಲಿಕ್‌ನಲ್ಲೇ ಅಚ್ಚು ಹಾಕುವುದು ರೂಢಿ. ಮಂಡ್ಯದ ವಿ.ಸಿ. ಫಾರಂ ಕಡೆಯ ರೈತರಿಗೆ ಕಬ್ಬಿನ ಬಗ್ಗೆ ಒಂದು ಕರಪತ್ರ ಮಾಡುತ್ತಿದ್ದೀರಿ, ಅದರ ಬೋಲ್ಡ್ ತಲೆಬರಹದಲ್ಲೇ ಸಕ್ಕಾರಮ್ ಅಫಿಸಿನಾರಮ್ ಎಂಬ ಹೆಸರು ರೋಮನ್ ಲಿಪಿಯಲ್ಲಿ ಬರಬೇಕು ಎಂದುಕೊಳ್ಳಿ. ತಲೆಬರಹ ಬೋಲ್ಡ್, ಹೆಸರು ಇಟಾಲಿಕ್. ಎರಡೂ ಸೇರಿದರೆ ಬೋಲ್ಡ್ ಇಟಾಲಿಕ್. ಅದೇ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದರೆ ವಾಲಿಸಬೇಕಾಗಿಲ್ಲ.

ಹೆಜ್ಜೆ 2: ಅಸಲಿಯೋ ನಕಲಿಯೋ ನೋಡಿ

ಫಾಂಟಿನಲ್ಲಿ ಬೋಲ್ಡ್ ಇಟಾಲಿಕ್ ಬೇರೆಯೇ ಕಡತವಾಗಿ ಇರಬೇಕು. ಟೈಮ್ಸ್ ನ್ಯೂ ರೋಮನ್, ಜಾರ್ಜಿಯಾ ಫಾಂಟುಗಳಿಗೆ ನಾಲ್ಕು ನಾಲ್ಕು ಕಡತಗಳಿವೆ: ಸಾದಾ, ಬೋಲ್ಡ್, ಇಟಾಲಿಕ್, ಬೋಲ್ಡ್ ಇಟಾಲಿಕ್. ವರ್ಡ್‌ನಲ್ಲಿ ಬೋಲ್ಡ್, ಇಟಾಲಿಕ್ ಎರಡೂ ಬಟನ್ ಒತ್ತಿದರೆ ನಾಲ್ಕನೆಯ ಕಡತ ತಾನೇ ಬರುತ್ತದೆ. ಆ ಕಡತ ಇಲ್ಲದಿದ್ದರೆ ಪ್ರೋಗ್ರಾಂ ಬಾಯಿ ಬಿಡದೆ ನೇರ ಅಕ್ಷರವನ್ನೇ ವಾಲಿಸಿ ಕೊಡುತ್ತದೆ.

ಗುರುತು ಹಿಡಿಯುವುದು ಸುಲಭ. ಇಂಗ್ಲಿಷಿನ ಸಣ್ಣ 'ಎ' ಅಕ್ಷರವನ್ನು 72 ಪಾಯಿಂಟಿಗೆ ಹಿಗ್ಗಿಸಿ. ನೇರ ಅಕ್ಷರದಲ್ಲಿ ಅದಕ್ಕೆ ಮೇಲೊಂದು ಕೊಕ್ಕೆ, ಕೆಳಗೊಂದು ಹೊಟ್ಟೆ. ಅಸಲಿ ಇಟಾಲಿಕ್‌ನಲ್ಲಿ ಕೊಕ್ಕೆ ಹೋಗಿ, ಶಾಲೆಯ ಕಾಪಿ ಪುಸ್ತಕದಲ್ಲಿ ಬರೆಯುವಂತೆ ಒಂದೇ ಹೊಟ್ಟೆ ಉಳಿಯುತ್ತದೆ. ಸಣ್ಣ 'ಎಫ್' ಸಾಮಾನ್ಯವಾಗಿ ಸಾಲಿನ ಕೆಳಗೂ ಬಾಲ ಇಳಿಬಿಡುತ್ತದೆ. 'ಎನ್', 'ಎಮ್' ಅಕ್ಷರಗಳ ಕೆಳಗಿನ ಚಪ್ಪಟೆ ಪಾದ ಮಾಯವಾಗಿ ಮುಂದಿನ ಅಕ್ಷರದತ್ತ ಚಿಮ್ಮುವ ಸಣ್ಣ ಎಳೆ ಬರುತ್ತದೆ. ಇವು ಯಾವುವೂ ಕಾಣದೆ ಎರಡು ಅಂತಸ್ತಿನ 'ಎ' ಹಾಗೆಯೇ ವಾಲಿದ್ದರೆ ಅದು ಹೆಚ್ಚಾಗಿ ನಕಲಿ. ಫಾಂಟಿನ ಕಡತಗಳ ಪಟ್ಟಿಯನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳಿ.

ನಕಲಿಯಲ್ಲಿ ಕೆಡುವುದೇನು ಎಂಬುದಕ್ಕೆ ಲೆಕ್ಕವೇ ಇದೆ. ಸಮ ದಪ್ಪದ ಒಂದು ಬಳೆಯನ್ನು 12 ಡಿಗ್ರಿ ಬಲಕ್ಕೆ ವಾಲಿಸಿ. ಅದರ ಮೇಲ್ಬಲ, ಕೆಳ ಎಡ ಭಾಗಗಳು ಸುಮಾರು ಶೇ. 11 ದಪ್ಪವಾಗುತ್ತವೆ, ಮೇಲೆಡ, ಕೆಳಬಲ ಭಾಗಗಳು ಶೇ. 10 ತೆಳ್ಳಗಾಗುತ್ತವೆ. ಸಣ್ಣ ಅಕ್ಷರದಲ್ಲಿ ಗೊತ್ತಾಗುವುದಿಲ್ಲ. ಬೋರ್ಡಿನ ಮೇಲೆ ಅಡಿ ಎತ್ತರದ ಅಕ್ಷರದಲ್ಲಿ ಬಳೆ ಸೊಟ್ಟಗಾಗಿ ಒಂದು ಕಡೆ ಬಾತುಕೊಂಡಂತೆ ಕಾಣುತ್ತದೆ. ಅಕ್ಷರ ಬಿಡಿಸುವವರು ವಾಲಿಸಿದ ಮೇಲೆ ಪ್ರತಿಯೊಂದು ಬಾಗನ್ನೂ ಕೈಯಾರೆ ತಿದ್ದುವುದು ಇದಕ್ಕೇ. ಕನ್ನಡದ ಅಕ್ಷರಗಳಲ್ಲಿ ಬಹುಪಾಲು ಬಳೆಗಳೇ ಆದ್ದರಿಂದ ಈ ಪೆಟ್ಟು ನಮಗೇ ಹೆಚ್ಚು.

ಹೆಜ್ಜೆ 3: ಕನ್ನಡಕ್ಕೆ ಫಾಂಟ್ ಆರಿಸಿ

ಕನ್ನಡದ ಬರವಣಿಗೆಯಲ್ಲಿ ಒತ್ತಿ ಹೇಳಲು ಓರೆ ಅಕ್ಷರ ಬಳಸುವ ಹಳೆಯ ಸಂಪ್ರದಾಯ ಗಟ್ಟಿಯಾಗಿಲ್ಲ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ದಪ್ಪ ಮೊಳೆ, ದೊಡ್ಡ ಮೊಳೆ, ಉದ್ಧರಣ ಚಿಹ್ನೆ ಇವುಗಳಲ್ಲೇ ಕೆಲಸ ನಡೆಯುತ್ತಿತ್ತು. ಇವತ್ತಿಗೂ ಆಯ್ಕೆ ಕಡಿಮೆ. ನೋಟೊ ಸೆರಿಫ್ ಕನ್ನಡ ಎಂಬ ಫಾಂಟಿನಲ್ಲಿ ತೀರ ತೆಳುವಿನಿಂದ ತೀರ ದಪ್ಪದವರೆಗೆ, 100ರಿಂದ 900ರ ತನಕ ತೂಕಗಳಿವೆ (ತೂಕ ಎಂದರೆ ದಪ್ಪದ ಮಟ್ಟ), ಇಟಾಲಿಕ್ ಇಲ್ಲ. ಟಿರೊ ಕನ್ನಡದಲ್ಲಿ ಸಾದಾ ಮತ್ತು ಇಟಾಲಿಕ್ ಇವೆ, ಬೋಲ್ಡ್ ಇಲ್ಲ. ತುಂಗಾದಲ್ಲಿ ಸಾದಾ, ಬೋಲ್ಡ್ ಎರಡೇ.

ಆದ್ದರಿಂದ ನಮ್ಮ ಸಲಹೆ ನೇರವಾಗಿದೆ: ಇಂಗ್ಲಿಷ್ ಹೆಸರಿಗೆ ಅಸಲಿ ಬೋಲ್ಡ್ ಇಟಾಲಿಕ್, ಕನ್ನಡ ಹೆಸರಿಗೆ ನೇರ ಬೋಲ್ಡ್. ಎರಡೂ ಜೊತೆಯಲ್ಲಿ ಚೆನ್ನಾಗಿಯೇ ಕಾಣುತ್ತವೆ, ಏಕೆಂದರೆ ಕನ್ನಡದ ದುಂಡಿಗೆ ಆಗಲೇ ಒಂದು ಓಟವಿದೆ. ಗಿರಾಕಿ ಕನ್ನಡವೂ ಓರೆಯಾಗಲೇಬೇಕು ಎಂದರೆ ಮಾತ್ರ ಮುಂದಿನ ಹೆಜ್ಜೆಗೆ ಹೋಗಿ. ಆಗ ನೋಟೊದಂಥ ಫಾಂಟಿನ 600 ಅಥವಾ 700ರ ತೂಕ ಹಿಡಿಯಿರಿ. 900ಕ್ಕೆ ಹೋದರೆ ಅಕ್ಷರದೊಳಗಿನ ಬಯಲು ಮೊದಲೇ ಕಿರಿದಾಗಿರುತ್ತದೆ, ವಾಲಿಸಿದ ಮೇಲೆ ಇನ್ನಷ್ಟು ಇಕ್ಕಟ್ಟಾಗುತ್ತದೆ.

ಸಾದಾ ಅಕ್ಷರಕ್ಕೆ ಔಟ್‌ಲೈನ್ ಕೊಟ್ಟು ದಪ್ಪ ಮಾಡುವ ಅಭ್ಯಾಸ ಬಿಡಿ. 1 ಮಿ.ಮೀ. ಔಟ್‌ಲೈನ್ ಕೊಟ್ಟರೆ ಅರ್ಧ ಹೊರಗೆ, ಅರ್ಧ ಒಳಗೆ ಕೂರುತ್ತದೆ. ಗೆರೆ 1 ಮಿ.ಮೀ. ದಪ್ಪವಾಯಿತು ಎಂದರೆ ಒಳಗಿನ ಬಯಲು ಅಷ್ಟೇ ಕಿರಿದಾಯಿತು, 'ಠ'ದ ಚುಕ್ಕಿ ಅಷ್ಟೇ ಹಿಗ್ಗಿತು. ಎರಡೂ ಕಡೆಯಿಂದ ಸಂದು ಮುಚ್ಚಿಕೊಳ್ಳುತ್ತದೆ. ಇನ್ನೊಂದು ತೊಂದರೆ ಕಾಣದಂತೆ ಕೂತಿರುತ್ತದೆ: ವಿನ್ಯಾಸ ಮಾಡುವ ಪ್ರೋಗ್ರಾಂ ಕೋರಲ್‌ಡ್ರಾದಲ್ಲಿ ಔಟ್‌ಲೈನ್‌ಗೆ 'ಸ್ಕೇಲ್ ವಿತ್ ಆಬ್ಜೆಕ್ಟ್' ಗುರುತು ಹಾಕದಿದ್ದರೆ, ಬೋರ್ಡಿನ ವಿನ್ಯಾಸವನ್ನು ವಿಸಿಟಿಂಗ್ ಕಾರ್ಡಿಗೆ ಕುಗ್ಗಿಸಿದಾಗ ಅಕ್ಷರ ಕುಗ್ಗುತ್ತದೆ, ಔಟ್‌ಲೈನ್ ಹಾಗೆಯೇ ಉಳಿಯುತ್ತದೆ. ಕಾರ್ಡಿನ ಮೇಲೆ ಮಸಿಯ ಮುದ್ದೆ ಬರುವುದು ಹೀಗೆ.

ಹೆಜ್ಜೆ 4: ವಾಲಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಹೆಜ್ಜೆ ಇದು. 'ಶ್ರೀ ಚಾಮುಂಡೇಶ್ವರಿ ಪ್ರಸನ್ನ' ಎಂಬ ಸಾಲನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ. ನಮ್ಮ ಕಡೆಯ ಎಷ್ಟೋ ಲಗ್ನಪತ್ರಿಕೆಗಳ ತಲೆಯಲ್ಲಿ ಇರುವ ಸಾಲು, ಕೆಡಬಹುದಾದ ಎಲ್ಲವೂ ಇದರಲ್ಲಿದೆ: ಎರಡು ಕಡೆ ರ-ಒತ್ತು, ಒಂದು ವ-ಒತ್ತು, ಒಂದು ನ-ಒತ್ತು, ದೀರ್ಘ, ಸೊನ್ನೆ.

ಮೊದಲು ಸಾಲನ್ನು ಟೈಪ್ ಮಾಡಿ, ಕಾಗುಣಿತ ನೋಡಿ, ಮನೆಯವರಿಂದ ಒಪ್ಪಿಗೆ ಪಡೆಯಿರಿ. ಕಡತದ ಒಂದು ನಕಲು ತೆಗೆದಿಡಿ, ಮುಂದೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ. ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಪಟ್ಟಿಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಯೂನಿಕೋಡ್ ಕನ್ನಡದ ಒತ್ತುಗಳು ಸರಿಯಾಗಿ ಕೂರದೆ ಚೆದುರಬಹುದು.

ಆಮೇಲೆ ಸಾಲನ್ನು ಕರ್ವ್ಸ್ ಮಾಡಿ, ಅಂದರೆ ಟೈಪ್ ಮಾಡಿದ ಅಕ್ಷರವನ್ನು ಬರೀ ಗೆರೆಗಳ ಚಿತ್ರವಾಗಿಸಿ. ಕೋರಲ್‌ಡ್ರಾದಲ್ಲಿ ಕಂಟ್ರೋಲ್-ಕ್ಯೂ; ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಪಾತ್ ಮೆನುವಿನ 'ಆಬ್ಜೆಕ್ಟ್ ಟು ಪಾತ್'. ಇಡೀ ಸಾಲನ್ನು ಒಂದೇ ಗುಂಪು ಮಾಡಿ ಸ್ಕ್ಯೂ ಕೊಡಿ, ಅಂದರೆ ವಾಲಿಸಿ. ಬಿಡಿ ಅಕ್ಷರಗಳನ್ನು ಒಂದೊಂದಾಗಿ ವಾಲಿಸಿದರೆ ಪ್ರತಿಯೊಂದೂ ತನ್ನ ನಡುವಿನಿಂದ ವಾಲಿ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಗುತ್ತದೆ. ಎರಡು ಸಾಲಿನ ಹೆಸರಾದರೆ ಸಾಲುಗಳನ್ನು ಬೇರೆ ಬೇರೆಯಾಗಿ ವಾಲಿಸಿ. ಒಟ್ಟಿಗೆ ವಾಲಿಸಿದರೆ ಕೆಳಗಿನ ಸಾಲು ಎಡಕ್ಕೆ ಸರಿಯುತ್ತದೆ: 8 ಡಿಗ್ರಿಯಲ್ಲಿ, ಸಾಲಿನಿಂದ ಸಾಲಿಗೆ 20 ಮಿ.ಮೀ. ಇದ್ದರೆ ಸುಮಾರು 3 ಮಿ.ಮೀ.

ಎಷ್ಟು ಡಿಗ್ರಿ? ಇಂಗ್ಲಿಷ್ ಇಟಾಲಿಕ್‌ಗಳು 10ರಿಂದ 16ರ ನಡುವೆ ವಾಲಿರುವುದು ಸಾಮಾನ್ಯ. ಕನ್ನಡಕ್ಕೆ 6ರಿಂದ 8 ಸಾಕು, 10 ದಾಟಬೇಡಿ. ಕಾರಣ ಒತ್ತು. ಬಲಕ್ಕೆ ವಾಲಿಸಿದಾಗ ಮೇಲೆಡದಿಂದ ಕೆಳಬಲಕ್ಕೆ ಇರುವ ಸಂದು ಕುಗ್ಗುತ್ತದೆ. ನಮ್ಮ ಒತ್ತುಗಳಲ್ಲಿ ಬಹಳಷ್ಟು ಕೂತಿರುವುದು ಮೂಲ ಅಕ್ಷರದ ಕೆಳಬಲದಲ್ಲೇ. ಆ ಸಂದು 12 ಡಿಗ್ರಿಯಲ್ಲಿ ಶೇ. 10ರವರೆಗೆ, 8 ಡಿಗ್ರಿಯಲ್ಲಿ ಶೇ. 7ರವರೆಗೆ ಕಿರಿದಾಗುತ್ತದೆ. 'ಪ್ರಸನ್ನ'ದ 'ನ್ನ' ನೋಡಿ: ದಪ್ಪ ಅಕ್ಷರದಲ್ಲಿ ಮೇಲಿನ 'ನ'ದ ಹೊಟ್ಟೆಗೂ ಕೆಳಗಿನ ಒತ್ತಿಗೂ ನಡುವೆ ಕೂದಲೆಳೆಯಷ್ಟೇ ಜಾಗ. ವಾಲಿಸಿದರೆ ಅದೂ ಹೋಗುತ್ತದೆ. 'ಶ್ವ'ದಲ್ಲಿ ವ-ಒತ್ತು ತನ್ನ 'ಶ'ಕ್ಕೆ ಅಂಟಿಕೊಂಡು, ಅತ್ತ ಮುಂದಿನ 'ರಿ'ಯಿಂದ ದೂರವಾದಂತೆ ಕಾಣುತ್ತದೆ.

ಸರಿಪಡಿಸಲು ಒತ್ತನ್ನು ಬಿಡಿಸಿ ಕೆಳಕ್ಕೂ ಬಲಕ್ಕೂ ಸ್ವಲ್ಪ ಸರಿಸಬೇಕು. 100 ಮಿ.ಮೀ. ಎತ್ತರದ ಅಕ್ಷರಕ್ಕೆ 2ರಿಂದ 4 ಮಿ.ಮೀ. ಸಾಕಾಗುತ್ತದೆ. ಒಂದೇ ಒತ್ತನ್ನು ಇಳಿಸಿ ಬಿಡಬೇಡಿ. ಸಾಲಿನ ಎಲ್ಲ ಒತ್ತುಗಳೂ ಒಂದೇ ಮಟ್ಟಕ್ಕೆ ಇಳಿಯಲಿ. ಒತ್ತು ಬಿಡಿಸಲು ಕೋರಲ್‌ನಲ್ಲಿ ಕಂಟ್ರೋಲ್-ಕೆ ಒತ್ತುತ್ತೀರಿ. ಒತ್ತಿದೊಡನೆ ಅಕ್ಷರದ ಬಯಲುಗಳೆಲ್ಲ ಕಪ್ಪಾಗಿ ತುಂಬಿಕೊಳ್ಳುತ್ತವೆ, 'ಠ'ದ ಚುಕ್ಕಿ ಬಳೆಯೊಳಗೆ ಮುಳುಗುತ್ತದೆ. ಹೊರಗೆರೆ, ಒಳಗೆರೆ, ಚುಕ್ಕಿ ಮೂರೂ ಬೇರೆ ಬೇರೆ ತುಂಡಾಗಿ ಒಂದರ ಮೇಲೊಂದು ಕೂತಿರುವುದೇ ಕಾರಣ. ಒತ್ತನ್ನು ಸರಿಸಿದ ಮೇಲೆ ಆಯಾ ಅಕ್ಷರದ ತುಂಡುಗಳನ್ನು ಆರಿಸಿ ಕಂಟ್ರೋಲ್-ಎಲ್ ಒತ್ತಿ ಸೇರಿಸಿ, ಬಯಲು ಮರಳಿ ತೆರೆಯುತ್ತದೆ. ಕೊನೆಗೆ ಹೀಗೆ ಸೇರಿಸಲು ಮರೆತ ಅಕ್ಷರವೇ ಎಷ್ಟೋ ಫ್ಲೆಕ್ಸುಗಳಲ್ಲಿ ಕಪ್ಪು ಉಂಡೆಯಾಗಿ ನಿಂತಿರುವುದು. ಹಳೆಯ ನುಡಿ, ಶ್ರೀಲಿಪಿ ಮಾದರಿಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟುಗಳಲ್ಲಿ ಒತ್ತು ತನ್ನದೇ ಕೀಲಿಯ ಅಕ್ಷರವಾಗಿರುವುದರಿಂದ, ಕರ್ವ್ಸ್ ಮಾಡುವ ಮೊದಲೇ ಒತ್ತನ್ನು ಮಾತ್ರ ಆರಿಸಿ ಸರಿಸುವ ಅನುಕೂಲವಿದೆ.

'ಚಿ||', 'ರಾ||' ಎಂದು ಬರೆಯುವಾಗಿನ ಎರಡು ನೇರ ಗೆರೆಗಳನ್ನು ವಾಲಿಸಬೇಡಿ. ವಾಲಿದರೆ ಅವು ಓರೆಗೆರೆಯಂತೆ ಕಂಡು ಅರ್ಥ ತಪ್ಪುತ್ತದೆ. ಓರೆ ಪದ ಮುಗಿದ ಕೂಡಲೇ ನೇರ ಆವರಣ ಚಿಹ್ನೆ ಬಂದರೆ ಅಕ್ಷರದ ತಲೆ ಅದಕ್ಕೆ ಬಡಿಯುತ್ತದೆ. ನಡುವೆ ಅಕ್ಷರದ ಅಳತೆಯ ಹತ್ತನೇ ಒಂದು ಪಾಲು ಜಾಗ ಬಿಡಿ.

ಕುಂಚದಲ್ಲಿ ಬೋರ್ಡ್ ಬರೆಯುವವರಿಗೆ ಡಿಗ್ರಿ ಅಳೆಯುವ ಗೋಜು ಬೇಡ. ಅಡಿಗೆರೆಯಿಂದ 7 ಇಂಚು ನೇರ ಮೇಲೆ ಹೋಗಿ, ಅಲ್ಲಿಂದ 1 ಇಂಚು ಬಲಕ್ಕೆ ಚುಕ್ಕಿ ಇಡಿ. ಅಡಿಗೆರೆಯಿಂದ ಆ ಚುಕ್ಕಿಗೆ ಎಳೆದ ಗೆರೆ 8 ಡಿಗ್ರಿಯ ಓರೆ. ಒಂದು ರಟ್ಟಿನ ತುಂಡನ್ನು ಈ ಓರೆಗೆ ಕತ್ತರಿಸಿಕೊಂಡು, ಸುಣ್ಣದ ದಾರದ ಅಡಿಗೆರೆಯ ಮೇಲೆ ಜರುಗಿಸುತ್ತ ಪ್ರತಿ ಅಕ್ಷರಕ್ಕೂ ಮಾರ್ಗದ ಗೆರೆ ಹಾಕಿಕೊಳ್ಳಬಹುದು. ಕೈಯಲ್ಲಿ ಬರೆಯುವವರು ಒತ್ತನ್ನು ಬೇಕಾದಲ್ಲಿ ಇಟ್ಟು ಬಳೆಯ ದಪ್ಪವನ್ನು ಕಣ್ಣಳತೆಯಲ್ಲೇ ಸರಿದೂಗಿಸುತ್ತಾರೆ. ಕನ್ನಡದ ಒಳ್ಳೆಯ ಓರೆ ಅಕ್ಷರ ನೋಡಬೇಕೆಂದರೆ ಇಂದಿಗೂ ಕೈಬರಹದ ಬೋರ್ಡನ್ನೇ ನೋಡಬೇಕು.

ಹೆಜ್ಜೆ 5: ಇಂಗ್ಲಿಷ್ ಜೊತೆ ಹೊಂದಿಸುವುದು

ರಾಜ್ಯದ ಕಾನೂನಿನಂತೆ ನಾಮಫಲಕದಲ್ಲಿ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹೀಗಾಗಿ ಬೋರ್ಡಿನ ಲೆಕ್ಕ ಕನ್ನಡದಿಂದಲೇ ಶುರುವಾಗಲಿ. 10 ಅಡಿ ಅಗಲ, 3 ಅಡಿ ಎತ್ತರದ ಬೋರ್ಡಾದರೆ ಮೇಲಿನ 22 ಇಂಚಿನ ಪಟ್ಟಿ ಕನ್ನಡಕ್ಕೆ ಇರಲಿ. ಆ ಪಟ್ಟಿಯಲ್ಲಿ ಒತ್ತು, ಗುಡಿಸು ಎಲ್ಲ ಹಿಡಿಯಬೇಕು. ಹಾಗಾಗಿ ಮೂಲ ಅಕ್ಷರದ ಎತ್ತರ 9ರಿಂದ 10 ಇಂಚಿಗಿಂತ ಹೆಚ್ಚು ಬರುವುದಿಲ್ಲ.

ಎರಡು ಲಿಪಿಗಳ ದಪ್ಪ ಹೊಂದಬೇಕು. ಪಾಯಿಂಟ್ ಅಳತೆ ಒಂದೇ ಇಟ್ಟರೆ ಹೊಂದುತ್ತದೆ ಎಂದುಕೊಳ್ಳಬೇಡಿ. ಇಂಗ್ಲಿಷಿನ ಕಂಬದ ದಪ್ಪವನ್ನೂ ಕನ್ನಡ 'ರ'ದ ಬಳೆಯ ಅತಿ ದಪ್ಪ ಭಾಗವನ್ನೂ ಅಳೆದು ನೋಡಿ. ಇಂಗ್ಲಿಷ್ ಹೆಚ್ಚು ಬಂದರೆ ಅದರ ಅಳತೆ ಇಳಿಸಿ; ಕನ್ನಡಕ್ಕೆ ಔಟ್‌ಲೈನ್ ಕೊಟ್ಟು ಸರಿಗಟ್ಟಿಸಲು ಹೋಗಬೇಡಿ. ಬೊಡೊನಿಯಂಥ ಫಾಂಟುಗಳ ಬೋಲ್ಡ್ ಇಟಾಲಿಕ್‌ನಲ್ಲಿ ದಪ್ಪ ಗೆರೆ ಬಹಳ ದಪ್ಪ, ಸಣ್ಣ ಗೆರೆ ಬಹಳ ಸಣ್ಣ. ಪತ್ರಿಕೆಯ ಮೇಲೆ ಚೆಂದ, ದೂರದ ಬೋರ್ಡಿನಲ್ಲಿ ಸಣ್ಣ ಗೆರೆ ಮಾಯವಾಗಿ ಅಕ್ಷರ ತುಂಡುತುಂಡಾಗಿ ಕಾಣುತ್ತದೆ. ಬೋರ್ಡಿಗೆ ಜಾರ್ಜಿಯಾ, ಬುಕ್‌ಮನ್, ಕೂಪರ್ ಬ್ಲ್ಯಾಕ್ ಇಟಾಲಿಕ್ ಮಾದರಿಯವು ನಿಲ್ಲುತ್ತವೆ.

ನಡುವೆ ಕೂರಿಸುವಾಗ ಕಂಪ್ಯೂಟರಿನ 'ಸೆಂಟರ್' ಬಟನ್ ನಂಬಬೇಡಿ. ಓರೆ ಸಾಲಿನ ಮೇಲ್ಬಲದ ತುದಿಯೂ ಕೆಳ ಎಡದ ಬಾಲವೂ ಚೌಕಟ್ಟನ್ನು ಹಿಗ್ಗಿಸಿರುತ್ತವೆ. ಅಕ್ಷರಗಳ ನಡುಮಟ್ಟದಲ್ಲಿ ಒಂದು ಅಡ್ಡಗೆರೆ ಎಳೆದು, ಮೊದಲ ಮತ್ತು ಕೊನೆಯ ಅಕ್ಷರ ಆ ಗೆರೆಯನ್ನು ಮುಟ್ಟುವ ಬಿಂದುಗಳಿಂದ ಎರಡೂ ಅಂಚಿಗೆ ಸಮ ದೂರ ಇಡಿ.

ಹೆಜ್ಜೆ 6: ಯಾವುದರ ಮೇಲೆ ಅಚ್ಚು, ಅದಕ್ಕೆ ತಕ್ಕ ಅಳತೆ

ಲಗ್ನಪತ್ರಿಕೆ ಆಫ್‌ಸೆಟ್‌ನಲ್ಲಾದರೆ ಕನ್ನಡ ಓರೆ ಬೋಲ್ಡ್ 14 ಪಾಯಿಂಟಿಗಿಂತ ಕೆಳಗೆ ಬೇಡ. ಕುಂಕುಮ ಬಣ್ಣದ ನೆಲದ ಮೇಲೆ ಬಿಳಿ ಅಕ್ಷರ ಬಿಡುವುದಾದರೆ 18 ಇರಲಿ. ನಾಲ್ಕು ಬಣ್ಣ ಸೇರಿ ಆದ ನೆಲದಲ್ಲಿ ಒಂದು ಪ್ಲೇಟ್ ಎಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಬಣ್ಣ ನುಗ್ಗುತ್ತದೆ. ಸಾಧ್ಯವಾದರೆ ನೆಲವನ್ನು ಒಂದೇ ಸ್ಪಾಟ್ ಬಣ್ಣದಲ್ಲಿ (ಮೊದಲೇ ಕಲಸಿದ ಒಂದೇ ಮಸಿಯಲ್ಲಿ) ಹಾಕಿಸಿ. ಚಿನ್ನದ ಫಾಯಿಲ್ ಒತ್ತಿಸುವಾಗ 0.3 ಮಿ.ಮೀ.ಗಿಂತ ಕಿರಿದಾದ ಸಂದು ತುಂಬಿಕೊಳ್ಳುವ ಭಯವಿದೆ, ಆದ್ದರಿಂದ ಫಾಯಿಲ್‌ಗೆ ಕಳಿಸುವ ಮುನ್ನ 'ಠ', 'ಥ', 'ಷ', 'ಘ' ಅಕ್ಷರಗಳ ಒಳಗಿನ ಸಂದನ್ನು ಅಳೆಯಿರಿ.

ತಾಂಬೂಲದ ಚೀಲದ ಬಟ್ಟೆ ಮಸಿಯನ್ನು ಹೀರಿ ಹರಡುತ್ತದೆ, ಅಕ್ಷರ ತಾನಾಗಿಯೇ ದಪ್ಪವಾಗುತ್ತದೆ. ಬೋಲ್ಡ್ ಬದಲು ಸೆಮಿಬೋಲ್ಡ್ ಕೊಟ್ಟರೆ ಅಚ್ಚಾದ ಮೇಲೆ ಬೋಲ್ಡಿನಂತೆ ಕಾಣುತ್ತದೆ. ಮೂಲ ಅಕ್ಷರದ ಎತ್ತರ 12 ಮಿ.ಮೀ., ಒಳಗಿನ ಸಂದು 1 ಮಿ.ಮೀ. ಇದ್ದರೆ ಚಿಂತೆಯಿಲ್ಲ. ಒಂದು ಚೀಲವನ್ನು ಮೊದಲು ಅಚ್ಚು ಹಾಕಿಸಿ, ಒಣಗಿದ ಮೇಲೆ ನೋಡಿ ಉಳಿದದ್ದಕ್ಕೆ ಒಪ್ಪಿಗೆ ಕೊಡಿ.

ಅಕ್ರಿಲಿಕ್ ಅಥವಾ ಎಲ್‌ಇಡಿ ಅಕ್ಷರಗಳಲ್ಲಿ ಚುಕ್ಕಿ, ಒತ್ತು, ಕೆಲವು ಫಾಂಟುಗಳಲ್ಲಿ ತಲೆಕಟ್ಟು ಕೂಡ ಬಿಡಿ ತುಂಡುಗಳು. ಗೋಡೆಯ ಮೇಲೆ ಕಣ್ಣಳತೆಯಲ್ಲಿ ಅಂಟಿಸಿದರೆ ಓರೆ ತಪ್ಪುತ್ತದೆ. ನಿಜ ಅಳತೆಯ ಕಾಗದದ ಪ್ರಿಂಟ್ ತೆಗೆದು, ಪ್ರತಿ ತುಂಡಿಗೂ ನಂಬರ್ ಹಾಕಿ, ಕಾಗದವನ್ನು ಗೋಡೆಗೆ ಅಂಟಿಸಿ ಅದರ ಮೇಲೆಯೇ ರಂಧ್ರ ಕೊರೆಯಲು ಹೇಳಿ.

ವೆಬ್‌ಸೈಟಿನ ವಿಷಯ ಚಿಕ್ಕದು. ಇಟಾಲಿಕ್ ಇಲ್ಲದ ಕನ್ನಡ ಫಾಂಟಿಗೆ ಬ್ರೌಸರ್ ತಾನೇ ನಕಲಿ ಓರೆ ಕೊಡುತ್ತದೆ. ಸ್ಟೈಲ್ ಕಡತದಲ್ಲಿ ಫಾಂಟ್-ಸಿಂಥೆಸಿಸ್ ಎಂಬ ಗುಣಕ್ಕೆ 'ನನ್' ಬೆಲೆ ಕೊಟ್ಟು ಅದನ್ನು ತಡೆಯಿರಿ, ಒತ್ತಿ ಹೇಳುವ ಕನ್ನಡ ಪದಕ್ಕೆ ಅಸಲಿ ಬೋಲ್ಡ್ ಅಥವಾ ಬೇರೆ ಬಣ್ಣ ಕೊಡಿ.

ಹೆಜ್ಜೆ 7: ಕರಡು ನೋಡುವುದು

ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಡಬೇಡಿ, ನಿಜ ಅಳತೆಯ ಕರಡು ತೆಗೆಸಿ. ಬೋರ್ಡಾದರೆ ಒಂದೆರಡು ಅಕ್ಷರಗಳನ್ನಾದರೂ ಪೂರ್ಣ ಅಳತೆಯಲ್ಲಿ ಪ್ರಿಂಟ್ ಮಾಡಿಸಿ ಗೋಡೆಗೆ ಅಂಟಿಸಿ. ಬೋರ್ಡ್ ಕೆಲಸದವರ ಲೆಕ್ಕದಲ್ಲಿ 10 ಅಡಿ ದೂರಕ್ಕೆ 1 ಇಂಚು ಅಕ್ಷರ. ದಪ್ಪ ಓರೆ ಕನ್ನಡಕ್ಕೆ ಒಂದೂವರೆ ಇಂಚು ಹಿಡಿಯಿರಿ. ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಹೆಸರನ್ನು ಮೊದಲೇ ತಿಳಿಯದ ಒಬ್ಬರಿಂದ ಜೋರಾಗಿ ಓದಿಸಿ. ಠ-ರ, ಧ-ದ, ಥ-ಧ, ಭ-ಬ, ಫ-ಪ, ಷ-ಪ ಜೋಡಿಗಳಲ್ಲಿ ಅವರು ಎಲ್ಲಿ ತಡವರಿಸಿದರೋ ಆ ಅಕ್ಷರವನ್ನು ಮಾತ್ರ ತಿದ್ದಿ: ಚುಕ್ಕಿಯನ್ನು ಐದನೇ ಒಂದು ಭಾಗ ಕಿರಿದು ಮಾಡಿದರೆ ಸುತ್ತ ಬಯಲು ತೆರೆದು ಮತ್ತೆ ಎದ್ದು ಕಾಣುತ್ತದೆ, ಸೀಳನ್ನು ಕೆಳಕ್ಕೆ ಒಂದಿಷ್ಟು ಉದ್ದ ಎಳೆದರೆ 'ದ' ಮತ್ತೆ 'ಧ' ಆಗುತ್ತದೆ. ತಿದ್ದಿದ ಮೇಲೆ ಇನ್ನೊಂದು ಪ್ರಿಂಟ್ ತೆಗೆದು, ಈ ಸಲ ಬೇರೆ ಒಬ್ಬರಿಂದ ಓದಿಸಿ.